ಕಾವಲುಗಾರನ ಪಿಸ್ತೂಲಿಗೆ ದಾರಿ ಯಾವುದು? ಶಾಡೋರನ್‌ನಲ್ಲಿ ಸಾಧನಗಳ ಹ್ಯಾಕಿಂಗ್

ಪ್ರಶ್ನೆ: ಶಾಡೋರನ್ ಎಂಬ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ಐದನೇ ಆವೃತ್ತಿ ಆಡುತ್ತಿದ್ದೇವೆ, ನಾನು ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವ ಹೊಣೆ ನನ್ನದು. ಕಳೆದ ಸೆಷನ್‌ನಲ್ಲಿ ನಮ್ಮ ಡೆಕರ್ (ಗುಂಪಿನ ಹ್ಯಾಕರ್ ಪಾತ್ರ) ರಸ್ತೆಯಾಚೆ ನಿಂತುಕೊಂಡೇ ಕಾವಲುಗಾರನ ಪಿಸ್ತೂಲಿನ ಮ್ಯಾಗಝೀನ್ ಉದುರಿಸಲು ಹೊರಟರು. ಪಿಸ್ತೂಲು ಕಟ್ಟಡದ ಹೋಸ್ಟ್‌ಗೆ (ಕೇಂದ್ರ ಕಂಪ್ಯೂಟರ್ ವ್ಯವಸ್ಥೆಗೆ) ಸ್ಲೇವ್ ಆಗಿದೆ, ಅಂದರೆ ಅದರ ರಕ್ಷಣೆಯಲ್ಲಿದೆ, ಸುಲಭವಲ್ಲ ಎಂದೆ. ಹಾಗಾದರೆ ಬಾಗಿಲಿನ ಮ್ಯಾಗ್‌ಲಾಕ್‌ಗೆ (ಎಲೆಕ್ಟ್ರಾನಿಕ್ ಬೀಗಕ್ಕೆ) ಕೇಬಲ್ ಸಿಕ್ಕಿಸಿ ಹೋಸ್ಟ್ ಮೇಲೆಯೇ ಮಾರ್ಕ್ (ಹ್ಯಾಕ್ ಮಾಡಿ ಪಡೆಯುವ ಅನುಮತಿಯ ಗುರುತು) ಹಾಕುತ್ತೇನೆ ಎಂದರು. ಇನ್ನೊಬ್ಬ ಆಟಗಾರರು, ಇದೆಲ್ಲ ಯಾಕೆ, ಸ್ಪೂಫ್ ಕಮಾಂಡ್ ಮಾಡಿದರೆ, ಅಂದರೆ ಒಡೆಯನ ಹೆಸರಲ್ಲಿ ನಕಲಿ ಆಜ್ಞೆ ಕೊಟ್ಟರೆ, ಪಿಸ್ತೂಲಿನ ಮೇಲೆ ಮಾರ್ಕೇ ಬೇಕಿಲ್ಲ ಎಂದು ವಾದಿಸಿದರು. ಅರ್ಧ ಗಂಟೆ ಪುಸ್ತಕ ತಿರುವಿದೆವು, ತೀರ್ಮಾನವಾಗಲಿಲ್ಲ. ಯಾರು ಸರಿ? ಯಾರು ಎಷ್ಟು ದಾಳ ಹಾಕಬೇಕು?

ಉತ್ತರ: ಮೂವರ ಮಾತಿನಲ್ಲೂ ನಿಯಮವಿದೆ, ಆದರೆ ಮೂವರೂ ಬೇರೆ ಬೇರೆ ದಾರಿಯ ಬಗ್ಗೆ ಮಾತಾಡುತ್ತಿದ್ದೀರಿ. ಐದನೇ ಆವೃತ್ತಿಯಲ್ಲಿ ಸಾಧನದ ರಕ್ಷಣೆ ಎಂಬುದು ಒಂದೇ ಅಂಕಿಯಲ್ಲ. ಅದೇ ಪಿಸ್ತೂಲು ಒಂದು ಕಡೆಯಿಂದ ಬಂದವರಿಗೆ 13 ದಾಳದ ಗೋಡೆ, ಇನ್ನೊಂದು ಕಡೆಯಿಂದ ಬಂದವರಿಗೆ 5 ದಾಳದ ಬೇಲಿ. ಹಾಗಾಗಿ ದಾಳ ಕೈಗೆತ್ತಿಕೊಳ್ಳುವ ಮೊದಲು ಮೂರು ಸಂಗತಿ ಬಾಯಿಬಿಟ್ಟು ಹೇಳಿ: ಸಾಧನದ ಒಡೆತನ ಯಾರದು, ಅದು ಯಾವುದಕ್ಕೆ ಸ್ಲೇವ್ ಆಗಿದೆ, ಹ್ಯಾಕ್ ಮಾಡುವವರು ವೈರ್‌ಲೆಸ್‌ನಲ್ಲಿ ಬರುತ್ತಿದ್ದಾರೋ ಕೇಬಲ್‌ನಲ್ಲೋ ಹೋಸ್ಟ್‌ನ ಒಳಗಿನಿಂದಲೋ. ಈ ಮೂರು ಗೊತ್ತಾದರೆ ಉಳಿದದ್ದು ಬರೀ ಕೂಡುವ ಲೆಕ್ಕ.

ಲೆಕ್ಕಕ್ಕೆ ಒಬ್ಬ ಡೆಕರ್ ಇಟ್ಟುಕೊಳ್ಳೋಣ. ಲಾಜಿಕ್ 6, ಇಂಟ್ಯೂಷನ್ 4, ಹ್ಯಾಕಿಂಗ್ 6, ಸೈಬರ್‌ಕಾಂಬ್ಯಾಟ್ 5, ಎಲೆಕ್ಟ್ರಾನಿಕ್ ವಾರ್‌ಫೇರ್ 4. ಕೈಯಲ್ಲಿ ನೊವಾಟೆಕ್ ನ್ಯಾವಿಗೇಟರ್ ಡೆಕ್ (ಹ್ಯಾಕಿಂಗ್ ಕಂಪ್ಯೂಟರ್). ಅದರ ನಾಲ್ಕು ಅಂಕಿಗಳು 6, 5, 4, 3, ಸದ್ಯಕ್ಕೆ 6 ಸ್ಲೀಜ್‌ನಲ್ಲಿದೆ (ಗುಟ್ಟಾಗಿ ನುಸುಳುವ ಬಲ). ಹಾಟ್‌ಸಿಮ್ ವಿಆರ್‌ನಲ್ಲಿದ್ದಾರೆ (ದೇಹ ಮರೆತು ಪೂರ್ತಿಯಾಗಿ ಮ್ಯಾಟ್ರಿಕ್ಸ್ ಎಂಬ ಜಾಲದೊಳಗೆ), ಅಂದರೆ ಪ್ರತಿ ಮ್ಯಾಟ್ರಿಕ್ಸ್ ಕ್ರಿಯೆಗೂ 2 ದಾಳ ಹೆಚ್ಚು. ಕಾವಲುಗಾರನಿಗೆ ಇಂಟ್ಯೂಷನ್ 3, ವಿಲ್‌ಪವರ್ 3. ಪಿಸ್ತೂಲು ಏರಿಸ್ ಪ್ರಿಡೇಟರ್ ಐದು. ಸ್ಮಾರ್ಟ್‌ಗನ್ (ಗುರಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಅದರೊಳಗೇ ಇದೆ. ಸಾಮಾನ್ಯ ಆಯುಧವಾದ್ದರಿಂದ ಡಿವೈಸ್ ರೇಟಿಂಗ್ 2, ಹಾಗಾಗಿ ಫೈರ್‌ವಾಲ್ (ಹ್ಯಾಕಿಂಗ್ ತಡೆಯುವ ಬಲ) ಕೂಡ 2. ಕಟ್ಟಡದ ಹೋಸ್ಟ್ ರೇಟಿಂಗ್ 5. ಹೋಸ್ಟ್‌ನ ನಾಲ್ಕು ಅಂಕಿಗಳು ರೇಟಿಂಗ್‌ನಿಂದ ಶುರುವಾಗಿ ಒಂದೊಂದೇ ಏರುತ್ತವೆ: 5, 6, 7, 8. ನೀವು 8 ಅನ್ನು ಫೈರ್‌ವಾಲ್‌ನಲ್ಲಿ ಇಟ್ಟಿದ್ದೀರಿ ಎಂದುಕೊಳ್ಳಿ.

ಮೊದಲು ಪಿಸ್ತೂಲು ಯಾವುದಕ್ಕೂ ಸ್ಲೇವ್ ಆಗಿಲ್ಲದಿದ್ದರೆ ಏನಾಗುತ್ತದೆ ನೋಡಿ. ಡೆಕರ್ ಹ್ಯಾಕ್ ಆನ್ ದಿ ಫ್ಲೈ (ಗುಟ್ಟಾಗಿ ಮಾರ್ಕ್ ಹಾಕುವ ಕ್ರಿಯೆ) ಮಾಡುತ್ತಾರೆ: ಹ್ಯಾಕಿಂಗ್ 6, ಲಾಜಿಕ್ 6, ಹಾಟ್‌ಸಿಮ್ 2, ಒಟ್ಟು 14 ದಾಳ, ಮಿತಿ ಸ್ಲೀಜ್ 6, ಅಂದರೆ ಆರಕ್ಕಿಂತ ಹೆಚ್ಚು ಹಿಟ್ (5 ಅಥವಾ 6 ಬಿದ್ದ ದಾಳ) ಲೆಕ್ಕಕ್ಕಿಲ್ಲ. ಎದುರಿಗೆ ಇಂಟ್ಯೂಷನ್ ಮತ್ತು ಫೈರ್‌ವಾಲ್. ಸಾಧನಕ್ಕೆ ತನ್ನದೇ ಬುದ್ಧಿಯಿಲ್ಲ, ಒಡೆಯನ ಇಂಟ್ಯೂಷನ್ ಬಳಸುತ್ತದೆ: 3 ಮತ್ತು 2, ಒಟ್ಟು 5 ದಾಳ. ಮೂರು ದಾಳಕ್ಕೊಂದು ಹಿಟ್ ಎಂದು ಹಿಡಿದರೆ ನಾಲ್ಕೂವರೆಗೆ ಎದುರಾಗಿ ಒಂದೂವರೆ ಚಿಲ್ಲರೆ. ಮಾರ್ಕ್ ಬಿತ್ತೆಂದೇ ಲೆಕ್ಕ. ದೂರ 100 ಮೀಟರ್ ಒಳಗಿದ್ದರೆ ನಾಯ್ಸ್ (ಸಂಪರ್ಕದ ಅಡ್ಡಿ) ಇಲ್ಲ. 101ರಿಂದ 1,000 ಮೀಟರ್‌ವರೆಗೆ 1, ಅಲ್ಲಿಂದ 10 ಕಿಲೋಮೀಟರ್‌ವರೆಗೆ 3, 100 ಕಿಲೋಮೀಟರ್‌ವರೆಗೆ 5, ಅದರಾಚೆ 8 ದಾಳ ಕಡಿತ. ಸಿಯಾಟಲ್‌ನ ಜಾಹೀರಾತು ತುಂಬಿದ ಬೀದಿಗಳಲ್ಲಿ ನೀವು ಸ್ಪ್ಯಾಮ್ ಝೋನ್ ಇಟ್ಟಿದ್ದರೆ ಅದರ ನಾಯ್ಸ್ ಇದರ ಮೇಲೆ ಸೇರುತ್ತದೆ. ಬಹಳ ಟೇಬಲ್‌ಗಳಲ್ಲಿ ಇದನ್ನು ಮರೆತು, ಡೆಕರ್ ತೀರಾ ಬಲವಾಗಿಬಿಟ್ಟರು ಎಂದು ಗೊಣಗುತ್ತಾರೆ.

ಮಾರ್ಕ್ ಬಿದ್ದ ಮೇಲೆ ಕಂಟ್ರೋಲ್ ಡಿವೈಸ್, ಅಂದರೆ ಸಾಧನದಿಂದ ಕೆಲಸ ಮಾಡಿಸುವ ಕ್ರಿಯೆ. ಇದಕ್ಕೆ ಎಷ್ಟು ಮಾರ್ಕ್ ಬೇಕೆಂಬುದು ಸಾಧನದಿಂದ ಮಾಡಿಸುವ ಕೆಲಸದ ಮೇಲೆ ನಿಂತಿದೆ: ಫ್ರೀ ಆಕ್ಷನ್‌ಗೆ (ಕ್ಷಣದ ಕೆಲಸ) 1, ಸಿಂಪಲ್‌ಗೆ (ಅರ್ಧ ಸರದಿ) 2, ಕಾಂಪ್ಲೆಕ್ಸ್‌ಗೆ (ಇಡೀ ಸರದಿ) 3. ಸ್ಮಾರ್ಟ್‌ಗನ್‌ನಿಂದ ಮ್ಯಾಗಝೀನ್ ಉದುರಿಸುವುದು ಫ್ರೀ ಆಕ್ಷನ್ ಪಟ್ಟಿಯಲ್ಲೇ ಇದೆ, ಹಾಗಾಗಿ ಒಂದು ಮಾರ್ಕ್ ಸಾಕು. ಆ ಕೆಲಸಕ್ಕೆ ತನ್ನದೇ ಆದ ಟೆಸ್ಟ್ ಇಲ್ಲದ್ದರಿಂದ ಎಲೆಕ್ಟ್ರಾನಿಕ್ ವಾರ್‌ಫೇರ್ ಮತ್ತು ಇಂಟ್ಯೂಷನ್ ಹಾಕಬೇಕು. ನಮ್ಮ ಡೆಕರ್‌ಗೆ 4, 4, 2 ಸೇರಿ 10 ದಾಳ, ಎದುರಿಗೆ ಮತ್ತೆ ಅದೇ 5. ಆಟಗಾರರು ಗಮನಿಸದ ಒಂದು ವಿಷಯ ಇಲ್ಲಿದೆ. ಹ್ಯಾಕ್ ಆನ್ ದಿ ಫ್ಲೈ ಕಾಂಪ್ಲೆಕ್ಸ್ ಆಕ್ಷನ್, ಮ್ಯಾಗಝೀನ್ ಉದುರಿಸುವುದು ಫ್ರೀ. ಒಂದು ಆಕ್ಷನ್ ಫೇಸ್‌ನಲ್ಲಿ ಒಂದು ಕಾಂಪ್ಲೆಕ್ಸ್ ಜೊತೆಗೆ ಒಂದು ಫ್ರೀ ಇರುತ್ತದೆ, ಆದ್ದರಿಂದ ಎರಡನ್ನೂ ಒಂದೇ ಸರದಿಯಲ್ಲಿ ಮುಗಿಸಬಹುದು. ಇದಕ್ಕೆ ಗಾಬರಿಯಾಗಿ ನಿಷೇಧ ಹಾಕಬೇಡಿ. ಕಾವಲುಗಾರ ಹೊಸ ಮ್ಯಾಗಝೀನ್ ತುರುಕಲು ಒಂದು ಸಿಂಪಲ್ ಆಕ್ಷನ್ ಸಾಕು. ಡೆಕರ್ ತನ್ನ ಇಡೀ ಸರದಿ ಕೊಟ್ಟು ಎದುರಾಳಿಯ ಅರ್ಧ ಸರದಿ ಕಿತ್ತುಕೊಂಡರು, ಅಷ್ಟೇ.

ಟ್ರಿಗರ್ ಒತ್ತಿಸುವುದು ಬೇರೆ ಮಾತು. ಗುಂಡು ಹಾರಿಸುವುದು ಕನಿಷ್ಠ ಸಿಂಪಲ್ ಆಕ್ಷನ್, 2 ಮಾರ್ಕ್ ಬೇಕು. ಒಂದೇ ಏಟಿಗೆ 2 ಮಾರ್ಕ್ ಹಾಕಲು 4 ದಾಳ ಕಡಿತ, 3 ಮಾರ್ಕ್‌ಗೆ 10 ದಾಳ ಕಡಿತ. ಬಂದೂಕಿಗೆ ತನ್ನನ್ನು ತಾನು ತಿರುಗಿಸಿಕೊಳ್ಳುವ ಕೈಯಿಲ್ಲ, ಆದ್ದರಿಂದ ಗುಂಡು ನಳಿಗೆ ತೋರಿಸಿದ ಕಡೆಗೇ ಹೋಗುತ್ತದೆ ಎಂದು ತೀರ್ಮಾನಿಸಿ. ಕಾವಲುಗಾರ ಪಕ್ಕದವನಿಗೆ ಗುಂಡು ಹೊಡೆಯುವಂತೆ ಮಾಡುತ್ತೇನೆ ಎಂಬ ಕೋರಿಕೆಗೆ ಇದೇ ಉತ್ತರ.

ಈಗ ನಿಮ್ಮ ತೀರ್ಮಾನಕ್ಕೆ ಬರೋಣ. ಪಿಸ್ತೂಲು ಹೋಸ್ಟ್‌ಗೆ ಸ್ಲೇವ್ ಆಗಿದೆ ಎಂದಿರಿ. ಸ್ಲೇವ್ ಸಾಧನ ರಕ್ಷಣಾ ಟೆಸ್ಟ್ ಹಾಕುವಾಗ ಪ್ರತಿಯೊಂದು ಅಂಕಿಗೂ ತನ್ನದನ್ನೋ ಮಾಸ್ಟರ್‌ನದನ್ನೋ, ಯಾವುದು ಲಾಭವೋ ಅದನ್ನು ತೆಗೆದುಕೊಳ್ಳುತ್ತದೆ. ಹೋಸ್ಟ್‌ಗೆ ಇಂಟ್ಯೂಷನ್ ಬದಲು ರೇಟಿಂಗ್ 5, ಫೈರ್‌ವಾಲ್ 8. ರಸ್ತೆಯಾಚೆಯಿಂದ ವೈರ್‌ಲೆಸ್‌ನಲ್ಲಿ ಬಂದ ಡೆಕರ್‌ಗೆ ಎದುರಾಗುವುದು 13 ದಾಳ. 14ಕ್ಕೆ 13, ಸಮಸಮ. ಸುಲಭವಲ್ಲ ಎಂದದ್ದು ಸರಿ. ಆಗುವುದೇ ಇಲ್ಲ ಎಂದು ಹೇಳಿದ್ದರೆ ಮಾತ್ರ ತಪ್ಪಾಗುತ್ತಿತ್ತು.

ಕಾವಲುಗಾರನ ಸ್ವಂತ ಕಾಮ್‌ಲಿಂಕ್‌ಗೆ (ಜೇಬಿನ ಫೋನ್-ಕಂಪ್ಯೂಟರ್‌ಗೆ) ಪಿಸ್ತೂಲು ಸ್ಲೇವ್ ಆಗಿದ್ದರೂ ಇದೇ ನಿಯಮ. ಹರ್ಮೀಸ್ ಐಕಾನ್ ಕಾಮ್‌ಲಿಂಕ್ ರೇಟಿಂಗ್ 5, ಬೆಲೆ 3,000 ನ್ಯೂಯೆನ್ (ಆಟದೊಳಗಿನ ಹಣ). ಅದನ್ನು ಇಟ್ಟುಕೊಂಡವನ ಪಿಸ್ತೂಲು 3 ಮತ್ತು 5 ಸೇರಿ 8 ದಾಳ ಹಾಕುತ್ತದೆ. ಅದಕ್ಕೆ ರೇಟಿಂಗ್‌ನ ಮೂರು ಪಟ್ಟು, ಅಂದರೆ 15 ಸಾಧನ ಸ್ಲೇವ್ ಮಾಡಬಹುದು. 100 ನ್ಯೂಯೆನ್‌ನ ಮೆಟಾ ಲಿಂಕ್‌ಗೆ ರೇಟಿಂಗ್ 1. ಅದಕ್ಕೆ ಸ್ಲೇವ್ ಮಾಡಿ ಲಾಭವಿಲ್ಲ, ಪಿಸ್ತೂಲಿನ 2 ಅದಕ್ಕಿಂತ ಮೇಲು. ನಿಮ್ಮ ಆಟಗಾರರ ಶೀಟ್‌ಗಳಲ್ಲೂ ಇದನ್ನು ಒಮ್ಮೆ ನೋಡಿ. ಲಕ್ಷ ನ್ಯೂಯೆನ್‌ನ ಸೈಬರ್‌ವೇರ್ ಹಾಕಿಸಿಕೊಂಡು ಮೆಟಾ ಲಿಂಕ್ ಹಿಡಿದು ತಿರುಗುವ ಸ್ಟ್ರೀಟ್ ಸಮುರಾಯ್‌ಗಳೇ ಎದುರಾಳಿ ಡೆಕರ್‌ಗೆ ಸುಲಭದ ತುತ್ತು. ಅವರ ಗೇರ್‌ಗಳನ್ನು ನಿಮ್ಮ ಗುಂಪಿನ ಡೆಕರ್‌ನ ಡೆಕ್‌ಗೇ ಸ್ಲೇವ್ ಮಾಡಿಸುವುದು ವಾಡಿಕೆ.

ಮ್ಯಾಗ್‌ಲಾಕ್ ವಿಷಯಕ್ಕೆ ಬಂದರೆ ನಿಮ್ಮ ಡೆಕರ್ ಹೇಳಿದ್ದು ನೂರಕ್ಕೆ ನೂರು ಸರಿ. ಐದನೇ ಆವೃತ್ತಿಯ ಹ್ಯಾಕಿಂಗ್‌ನ ತಿರುಳೇ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸಾಧನದ ಪೋರ್ಟ್‌ಗೆ ನೇರವಾಗಿ ಕೇಬಲ್ ಸಿಕ್ಕಿಸಿದರೆ ಎರಡು ಬದಲಾವಣೆ: ನಾಯ್ಸ್ ಪೂರ್ತಿ ಹೋಗುತ್ತದೆ, ಮತ್ತು ಸ್ಲೇವ್ ಸಾಧನ ಮಾಸ್ಟರ್‌ನ ಅಂಕಿಗಳನ್ನು ಬಳಸುವಂತಿಲ್ಲ. ಮ್ಯಾಗ್‌ಲಾಕ್‌ಗೆ ಡಿವೈಸ್ ರೇಟಿಂಗ್ 3 ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಅದರ ಹತ್ತಿರ ಯಾರೂ ಇಲ್ಲ, ಅಂಥ ಸಾಧನ ಮಾನಸಿಕ ಗುಣದ ಜಾಗದಲ್ಲೂ ಡಿವೈಸ್ ರೇಟಿಂಗ್ ಹಾಕುತ್ತದೆ: 3 ಮತ್ತು 3, ಒಟ್ಟು 6 ದಾಳ. ಮಾರ್ಕ್ ಬೀಳುತ್ತದೆ. ಸ್ಲೇವ್ ಮೇಲೆ ಮಾರ್ಕ್ ಬಿದ್ದರೆ ಮಾಸ್ಟರ್ ಮೇಲೂ ಒಂದು ಮಾರ್ಕ್ ಬೀಳುತ್ತದೆ, ಕೇಬಲ್‌ನಿಂದ ಬಂದಿದ್ದರೂ ಸರಿ. ಹೋಸ್ಟ್ ಒಳಗೆ ಹೋಗಲು ಬೇಕಾದದ್ದು ಒಂದೇ ಮಾರ್ಕ್ ಮತ್ತು ಒಂದು ಕಾಂಪ್ಲೆಕ್ಸ್ ಆಕ್ಷನ್. ಒಳಗೆ ಹೋದ ಮೇಲೆ ಆ ಹೋಸ್ಟ್‌ಗೆ ಸ್ಲೇವ್ ಆದ ಎಲ್ಲ ಸಾಧನಗಳಿಗೂ ಡೆಕರ್ ನೇರವಾಗಿ ಕೇಬಲ್ ಸಿಕ್ಕಿಸಿದಂತೆಯೇ ಲೆಕ್ಕ. ಹೊರಗಿನಿಂದ 13 ದಾಳ ಹಾಕುತ್ತಿದ್ದ ಪಿಸ್ತೂಲು ಈಗ ತನ್ನ 2 ಮತ್ತು ಕಾವಲುಗಾರನ 3 ಸೇರಿಸಿ 5 ಮಾತ್ರ ಹಾಕುತ್ತದೆ. ಅದೊಂದೇ ಅಲ್ಲ, ಕ್ಯಾಮೆರಾಗಳು, ಲಿಫ್ಟ್, ಉಳಿದ ಕಾವಲುಗಾರರ ಬಂದೂಕುಗಳು, ಎಲ್ಲವೂ ಹಾಗೆಯೇ.

ಹೋಸ್ಟ್‌ಗೆ ಎಷ್ಟು ಸಾಧನ ಬೇಕಾದರೂ ಸ್ಲೇವ್ ಮಾಡಬಹುದಾದರೂ ಕಂಪನಿಗಳು ಹಾಗೆ ಮಾಡದಿರುವುದು ಇದೇ ಕಾರಣಕ್ಕೆ. ಸ್ಲೇವ್ ಮಾಡಿದ ಪ್ರತಿಯೊಂದು ಸಾಧನವೂ ಹೋಸ್ಟ್‌ಗೆ ಒಂದು ಹಿಂಬಾಗಿಲು. ಕೈಗೆ ಎಟುಕುವ ಬೀದಿಬದಿಯ ಕ್ಯಾಮೆರಾವನ್ನು ಮುಖ್ಯ ಹೋಸ್ಟ್‌ಗೆ ಸ್ಲೇವ್ ಮಾಡುವ ಭದ್ರತಾ ಅಧಿಕಾರಿ ಕೆಲಸ ಬಲ್ಲವನಲ್ಲ. ನಿಮ್ಮ ಕಟ್ಟಡದಲ್ಲಿ ಹೊರಬಾಗಿಲಿನ ಬೀಗ ಹೋಸ್ಟ್‌ಗೆ ಸ್ಲೇವ್ ಆಗಿರಬೇಕೇ ಎಂದು ಯೋಚಿಸಿ. ಒಳಗಿನ ಬಾಗಿಲುಗಳು ಸ್ಲೇವ್ ಆಗಿರಲಿ, ಹೊರಗಿನದು ಒಂಟಿಯಾಗಿ ವೈರ್‌ಲೆಸ್ ಇಲ್ಲದೆ ಇರಲಿ. ಆಗ ಡೆಕರ್ ಹೇಗಾದರೂ ಮಾಡಿ ಮೈಯೊಡ್ಡಿ ಒಳಗೆ ಬರಬೇಕಾಗುತ್ತದೆ, ಆಟವೂ ಚೆನ್ನಾಗಿರುತ್ತದೆ. ಇದು ಆಟಕ್ಕೆ ಮೊದಲೇ ಬರೆದಿಟ್ಟುಕೊಳ್ಳಬೇಕಾದ ತೀರ್ಮಾನ. ಡೆಕರ್ ಕೇಬಲ್ ಹೊರತೆಗೆದ ಮೇಲೆ "ಆ ಬೀಗ ಸ್ಲೇವ್ ಆಗಿಲ್ಲ" ಎಂದು ಬದಲಾಯಿಸಿದರೆ ಆಟಗಾರರ ನಂಬಿಕೆ ಹೋಗುತ್ತದೆ. ಕಳೆದ ಸೆಷನ್‌ನಲ್ಲಿ ಸ್ಲೇವ್ ಎಂದು ಹೇಳಿಯಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ.

ಹಾಗೆಂದು ಕೇಬಲ್ ದಾರಿ ಪುಕ್ಕಟೆಯಲ್ಲ. ಪೋರ್ಟ್ ಗೋಡೆಯ ಹೊರಮುಖದಲ್ಲೇ ಇರಬೇಕೆಂದಿಲ್ಲ. ಬೀಗದ ಕವಚ ತೆಗೆಯಬೇಕಾದರೆ ಅದು ಲಾಕ್‌ಸ್ಮಿತ್ ಕೌಶಲದ ಕೈಕೆಲಸ, ಸಮಯ ಹಿಡಿಯುತ್ತದೆ. ಡೆಕರ್ ಹಾಟ್‌ಸಿಮ್‌ನ 2 ದಾಳ ಬೇಕೆಂದರೆ ವಿಆರ್‌ಗೆ ಹೋಗಬೇಕು, ಆಗ ದೇಹ ಬಾಗಿಲ ಬುಡದಲ್ಲಿ ಅಲುಗದೆ ಬಿದ್ದಿರುತ್ತದೆ. ಬೇಡವೆಂದು ಎಆರ್‌ನಲ್ಲೇ (ದೇಹದ ಎಚ್ಚರ ತಪ್ಪದ ಬಗೆಯಲ್ಲಿ) ನಿಂತರೆ 14ರ ಬದಲು 12 ದಾಳ. ಒಂದು ಸಣ್ಣ ಸಮಾಧಾನವೂ ಇದೆ: ಮಾರ್ಕ್ ಬಿದ್ದ ಮೇಲೆ ಕೇಬಲ್ ಕಿತ್ತರೂ ಅದು ಉಳಿಯುತ್ತದೆ, ಏಕೆಂದರೆ ಮಾರ್ಕ್ ಇರುವುದು ಐಕಾನ್ (ಮ್ಯಾಟ್ರಿಕ್ಸ್‌ನಲ್ಲಿ ಸಾಧನಕ್ಕಿರುವ ರೂಪ) ಮೇಲೆ. ಡೆಕ್ ರೀಬೂಟ್ ಮಾಡಿದರೆ ಮಾತ್ರ ಎಲ್ಲವೂ ಅಳಿಸಿಹೋಗುತ್ತದೆ.

ಸ್ಪೂಫ್ ಕಮಾಂಡ್ ಬಗ್ಗೆ ಇನ್ನೊಬ್ಬರು ಹೇಳಿದ್ದು ಅರ್ಧ ಸರಿ. ಪಿಸ್ತೂಲಿನ ಮೇಲೆ ಮಾರ್ಕ್ ಬೇಡ, ನಿಜ. ಆದರೆ ಯಾರ ಹೆಸರಲ್ಲಿ ಆಜ್ಞೆ ಕೊಡುತ್ತೀರೋ ಅವರ ಐಕಾನ್ ಮೇಲೆ ಒಂದು ಮಾರ್ಕ್ ಬೇಕೇ ಬೇಕು. ಹ್ಯಾಕಿಂಗ್ ಮತ್ತು ಇಂಟ್ಯೂಷನ್, ನಮ್ಮ ಡೆಕರ್‌ಗೆ 12 ದಾಳ. ಎದುರಿಗೆ ಸಾಧನದ ಪರವಾಗಿ ಲಾಜಿಕ್ ಮತ್ತು ಫೈರ್‌ವಾಲ್. ಇಲ್ಲಿ ಒಡೆತನದ ಪ್ರಶ್ನೆ ಮುಖ್ಯವಾಗುತ್ತದೆ. ಪಿಸ್ತೂಲು ಕಾವಲುಗಾರನ ಸ್ವಂತದ್ದಾದರೆ ಅವನ ಪರ್ಸೋನಾ (ಮ್ಯಾಟ್ರಿಕ್ಸ್‌ನಲ್ಲಿ ಬಳಕೆದಾರನ ರೂಪ) ಮೇಲೆ ಮಾರ್ಕ್ ಹಾಕಿದರಾಯಿತು. ಕಂಪನಿಯ ಪಿಸ್ತೂಲಾದರೆ ಒಡೆತನ ಕಂಪನಿಯದು, ಕಾವಲುಗಾರನಿಗೆ ಬಳಸಲು ಅನುಮತಿ ಮಾತ್ರ. ಇಂಥ ಕಡೆ ಭದ್ರತಾ ಸ್ಪೈಡರ್‌ನ (ಕಟ್ಟಡ ಕಾಯುವ ಡೆಕರ್‌ನ) ಪರ್ಸೋನಾವನ್ನೇ ಒಡೆಯ ಎಂದು ಹಿಡಿಯುವುದು ಒಳ್ಳೆಯದು. ಸ್ಪೈಡರ್ ಮೇಲೆ ಮಾರ್ಕ್ ಹಾಕುವುದು ಕಷ್ಟ, ಹಾಕಿದರೆ ಪ್ರತಿಫಲವೂ ದೊಡ್ಡದು: ಒಂದೇ ಮಾರ್ಕ್‌ನಿಂದ ಕಟ್ಟಡದ ಎಲ್ಲ ಸಾಧನಕ್ಕೂ ಆಜ್ಞೆ ಕೊಡಬಹುದು. ರಕ್ಷಣಾ ಟೆಸ್ಟ್‌ನಲ್ಲಿ ಮಾತ್ರ, ಕಂಪನಿಯ ಪಿಸ್ತೂಲಾದರೂ, ಹಿಡಿದಿರುವ ಕಾವಲುಗಾರನ ಗುಣಗಳನ್ನೇ ಬಳಸಿ. ಇದು ಪುಸ್ತಕ ಬಿಡಿಸಿ ಹೇಳದ ಜಾಗ, ಆದರೆ ಹೀಗೆ ಮಾಡಿದರೆ ಲೆಕ್ಕ ಎಲ್ಲೂ ಮುರಿಯುವುದಿಲ್ಲ. ಸ್ಪೂಫ್ ಸಾಧನ ಮತ್ತು ಏಜೆಂಟ್‌ಗಳ (ತಾವೇ ಓಡುವ ಪ್ರೋಗ್ರಾಂಗಳ) ಮೇಲೆ ಮಾತ್ರ ನಡೆಯುತ್ತದೆ. ಐಸ್ (ಹೋಸ್ಟ್‌ನ ಕಾವಲು ಪ್ರೋಗ್ರಾಂ), ಹೋಸ್ಟ್, ಪರ್ಸೋನಾಗಳ ಮೇಲೆ ನಡೆಯದು.

ಪಿಸ್ತೂಲನ್ನು ಸುಟ್ಟುಬಿಡುವುದು ನೀವು ಕೇಳದಿದ್ದರೂ ಮುಂದಿನ ವಾರ ಬರುವ ಪ್ರಶ್ನೆ. ಅದಕ್ಕಿರುವ ದಾಳಿ ಕ್ರಿಯೆಯಾದ ಡೇಟಾ ಸ್ಪೈಕ್‌ಗೆ ಮಾರ್ಕ್ ಬೇಡ. ಡೆಕರ್ 6 ಅನ್ನು ಅಟ್ಯಾಕ್‌ಗೆ ಬದಲಾಯಿಸಿಕೊಂಡು, ಸೈಬರ್‌ಕಾಂಬ್ಯಾಟ್, ಲಾಜಿಕ್, ಹಾಟ್‌ಸಿಮ್ ಸೇರಿ 13 ದಾಳ ಹಾಕುತ್ತಾರೆ. ಎದುರಿಗೆ 5. ಸರಾಸರಿ ಎರಡು ಮೂರು ಹಿಟ್ ಮಿಗುತ್ತವೆ. ಹಾನಿ ಎಂದರೆ ಅಟ್ಯಾಕ್ 6, ಮಿಕ್ಕ ಹಿಟ್‌ಗಳು, ಮತ್ತು ಪ್ರತಿ ಮಾರ್ಕ್‌ಗೆ 2. ಪಿಸ್ತೂಲು ಡಿವೈಸ್ ರೇಟಿಂಗ್ ಮತ್ತು ಫೈರ್‌ವಾಲ್, ಅಂದರೆ 4 ದಾಳದಿಂದ ತಡೆಯುತ್ತದೆ. ಅದರ ಮ್ಯಾಟ್ರಿಕ್ಸ್ ಡಬ್ಬಿಗಳು (ಹಾನಿ ಗುರುತಿಸುವ ಚೌಕಗಳು) 8 ಮತ್ತು ರೇಟಿಂಗ್‌ನ ಅರ್ಧ, ಒಟ್ಟು 9. ಮಾರ್ಕ್ ಇಲ್ಲದೆ ಹೊಡೆದರೆ ಸಾಮಾನ್ಯವಾಗಿ ಏಳರ ಆಸುಪಾಸು ತುಂಬಿ ಪಿಸ್ತೂಲು ಉಳಿದುಕೊಳ್ಳುತ್ತದೆ. ಒಂದು ಮಾರ್ಕ್ ಇದ್ದರೆ, ಅಥವಾ 2 ಹಾನಿ ಸೇರಿಸುವ ಹ್ಯಾಮರ್ ಪ್ರೋಗ್ರಾಂ ಓಡುತ್ತಿದ್ದರೆ, ಒಂದೇ ಏಟಿಗೆ ಬ್ರಿಕ್ ಆಗುವ (ಕೆಟ್ಟು ನಿಲ್ಲುವ) ಸಂಭವ ಹೆಚ್ಚು. ಬ್ರಿಕ್ ಆದ ಬಂದೂಕು ಗುಂಡು ಹಾರಿಸದಿದ್ದರೂ ಅದರ ಬಯೊನೆಟ್ ಇರಿಯುತ್ತದೆ. ಬ್ರಿಕ್ ಆದ ಬೀಗ ಬೀಗವಾಗಿಯೇ ಉಳಿಯುತ್ತದೆ, ತೆರೆದುಕೊಳ್ಳುವುದಿಲ್ಲ. ಈ ಕೊನೆಯದನ್ನು ಆಟಗಾರರಿಗೆ ಮೊದಲೇ ಹೇಳಿಬಿಡಿ. ಬ್ರಿಕ್ ಆದದ್ದನ್ನು ಹಾರ್ಡ್‌ವೇರ್ ಮತ್ತು ಲಾಜಿಕ್ ಟೆಸ್ಟ್‌ನಿಂದ ರಿಪೇರಿ ಮಾಡಬಹುದು, ಒಂದು ಗಂಟೆಯ ಕೆಲಸ. ಸ್ಲೇವ್ ಸಾಧನ ಹಾನಿ ತಡೆಯುವಾಗಲೂ ಮಾಸ್ಟರ್‌ನ ಅಂಕಿ ಬಳಸಬಹುದೇ ಎಂಬ ಬಗ್ಗೆ ವಾದವಿದೆ. ಬೇಡ ಎನ್ನುವುದು ನನ್ನ ಅಭಿಪ್ರಾಯ: ನಿಯಮ ಹೇಳುವುದು ರಕ್ಷಣಾ ಟೆಸ್ಟ್ ಬಗ್ಗೆ, ಹಾನಿ ತಡೆಯುವುದು ಅದಾದ ಮೇಲಿನ ಬೇರೆ ಟೆಸ್ಟ್.

ಎಡವಿದರೆ ಏನಾಗುತ್ತದೆ ಎಂಬುದನ್ನು ಎರಡೂ ಬಗೆಯಲ್ಲಿ ಸರಿಯಾಗಿ ನಡೆಸಿ. ಸ್ಲೀಜ್ ಕ್ರಿಯೆ ಗೆದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸೋತರೆ ಎದುರಿನ ಸಾಧನ ಡೆಕರ್ ಮೇಲೆ ಒಂದು ಮಾರ್ಕ್ ಹಾಕಿ ಒಡೆಯನಿಗೆ ಸುದ್ದಿ ಮುಟ್ಟಿಸುತ್ತದೆ. ಅಟ್ಯಾಕ್ ಕ್ರಿಯೆ ಗೆದ್ದರೂ ದಾಳಿಯಾಯಿತೆಂದು ಎದುರಿನವರಿಗೆ ತಿಳಿಯುತ್ತದೆ, ಯಾರು ಎಂದು ತಿಳಿಯಬೇಕಿಲ್ಲ. ಸೋತರೆ ಮಿಕ್ಕ ಹಿಟ್‌ಗೆ ಒಂದರಂತೆ ಡೆಕ್‌ಗೇ ಹಾನಿ. ತಿಳಿದ ಕಾವಲುಗಾರ ಮಾಡುವ ಮೊದಲ ಕೆಲಸ ವೈರ್‌ಲೆಸ್ ಆರಿಸುವುದು. ನ್ಯೂರಲ್ ಸಂಪರ್ಕವಿದ್ದರೆ ಫ್ರೀ ಆಕ್ಷನ್, ಕೈಯಿಂದಾದರೆ ಸಿಂಪಲ್. ಆಮೇಲೆ ಪಿಸ್ತೂಲು ಮ್ಯಾಟ್ರಿಕ್ಸ್‌ನಲ್ಲೇ ಇಲ್ಲ, ಹಳೆಯ ಮಾರ್ಕ್ ಇದ್ದೂ ಪ್ರಯೋಜನವಿಲ್ಲ. ಆದರೆ ಸ್ಮಾರ್ಟ್‌ಲಿಂಕ್ ಕೊಡುತ್ತಿದ್ದ ದಾಳವೂ ಹೋಯಿತು: ಕನ್ನಡಕದ್ದಾದರೆ 1, ಕಣ್ಣೊಳಗಿನದ್ದಾದರೆ 2. ಡೆಕರ್ ಇಷ್ಟು ಸಾಧಿಸಿದರೂ ಗುಂಪಿಗೆ ಲಾಭವೇ.

ಓವರ್‌ವಾಚ್ ಸ್ಕೋರ್ (ಅಧಿಕಾರಿಗಳ ಕಣ್ಣಿಗೆ ಡೆಕರ್ ಎಷ್ಟು ಬಿದ್ದಿದ್ದಾರೆಂಬ ಲೆಕ್ಕ) ಬರೆದಿಡುವುದನ್ನು ಬಿಡಬೇಡಿ. ಪ್ರತಿ ಅಕ್ರಮ ಕ್ರಿಯೆಯಲ್ಲೂ ಎದುರಿನವರಿಗೆ ಬಿದ್ದ ಹಿಟ್‌ಗಳಷ್ಟು ಇದು ಏರುತ್ತದೆ, ಜೊತೆಗೆ ಪ್ರತಿ 15 ನಿಮಿಷಕ್ಕೆ ಎರಡು ದಾಳದ ಮೊತ್ತ. ಇದನ್ನು ನೀವು ಮರೆಯಲ್ಲಿ ಇಟ್ಟುಕೊಳ್ಳಬೇಕು. ಎರಡು ದಾರಿಗಳ ನಿಜವಾದ ವ್ಯತ್ಯಾಸ ಇಲ್ಲೇ ಕಾಣುವುದು. 13 ದಾಳದ ಗೋಡೆಗೆ ಗುದ್ದಿದರೆ ಪ್ರತಿ ಸಲ ನಾಲ್ಕರಷ್ಟು ಏರಿ, ಒಂಬತ್ತು ಹತ್ತು ಕ್ರಿಯೆಗೆ 40 ಮುಟ್ಟುತ್ತದೆ. ಹೋಸ್ಟ್ ಒಳಗಿನಿಂದ 5 ದಾಳದ ಸಾಧನಗಳನ್ನು ಮುಟ್ಟಿದರೆ ಒಂದೆರಡು ಮಾತ್ರ. 40 ಆದಾಗ ಡೆಕರ್ ಹೊರಗಿನ ಗ್ರಿಡ್‌ನಲ್ಲಿದ್ದರೆ ಡೆಕ್‌ಗೆ 12 ಹಾನಿ, ಬಲವಂತದ ರೀಬೂಟ್, ಡಂಪ್‌ಶಾಕ್ (ವಿಆರ್‌ನಿಂದ ಹಠಾತ್ತಾಗಿ ಹೊರಬಿದ್ದ ಆಘಾತ), ಜೊತೆಗೆ ದೇಹ ಇರುವ ಜಾಗ ಅಧಿಕಾರಿಗಳಿಗೆ ತಿಳಿಯುತ್ತದೆ. ಹೋಸ್ಟ್ ಒಳಗಿದ್ದರೆ ಹೋಸ್ಟ್ ಮೂರು ಮಾರ್ಕ್ ಹಾಕಿ ಐಸ್ ಬಿಡುತ್ತದೆ. ಅದಕ್ಕೆ ಮೊದಲೂ ಒಳಗೆ ಪ್ಯಾಟ್ರೋಲ್ (ಗಸ್ತು) ಐಸ್ ತಿರುಗುತ್ತಿರುತ್ತದೆ. ಒಳಗೆ ಹೋದವರಿಗೆ ಪಿಸ್ತೂಲು ಸುಲಭ, ಆದರೆ ಅಲ್ಲಿರುವುದು ಸುಲಭವಲ್ಲ.

ಸೆಷನ್‌ಗೆ ಮೊದಲು ಒಂದು ಚೀಟಿಯಲ್ಲಿ ಪ್ರತಿ ಸಾಧನದ ಎದುರು ಮೂರು ಅಂಕಿ ಬರೆದಿಟ್ಟುಕೊಳ್ಳಿ: ವೈರ್‌ಲೆಸ್‌ನಿಂದ, ಕೇಬಲ್‌ನಿಂದ, ಹೋಸ್ಟ್ ಒಳಗಿನಿಂದ. ಕಾವಲುಗಾರನ ಪಿಸ್ತೂಲು 13, 5, 5. ಯಾರೂ ಹತ್ತಿರವಿಲ್ಲದ ಮ್ಯಾಗ್‌ಲಾಕ್ 13, 6, 6. ಇಂಟ್ಯೂಷನ್‌ಗೂ ವಿಲ್‌ಪವರ್‌ಗೂ ವ್ಯತ್ಯಾಸವಿದ್ದರೆ ಪಕ್ಕದಲ್ಲಿ ಬ್ರೂಟ್ ಫೋರ್ಸ್‌ನ (ಬಲವಂತವಾಗಿ ಮಾರ್ಕ್ ಹಾಕುವ ಕ್ರಿಯೆಯ) ಅಂಕಿ ಕೂಡ ಸೇರಿಸಿ, ಅದು ವಿಲ್‌ಪವರ್ ಬಳಸುತ್ತದೆ. ಇಷ್ಟಿದ್ದರೆ ಪುಸ್ತಕ ತೆರೆಯಬೇಕಾಗುವುದಿಲ್ಲ.

ಸಾಧನ ಸೈಲೆಂಟ್ ಆಗಿ (ಮ್ಯಾಟ್ರಿಕ್ಸ್‌ನಲ್ಲಿ ಅಡಗಿ) ಓಡುತ್ತಿದ್ದರೆ ಮೊದಲು ಹುಡುಕಬೇಕು. 100 ಮೀಟರ್ ಒಳಗೆ ಸೈಲೆಂಟ್ ಅಲ್ಲದ ಐಕಾನ್‌ಗಳು ಟೆಸ್ಟ್ ಇಲ್ಲದೆ ಕಾಣುತ್ತವೆ. ಸೈಲೆಂಟ್ ಆದವಕ್ಕೆ ಕಂಪ್ಯೂಟರ್ ಮತ್ತು ಇಂಟ್ಯೂಷನ್ ಎದುರು ಲಾಜಿಕ್ ಮತ್ತು ಸ್ಲೀಜ್. ಪಿಸ್ತೂಲಿಗೆ ಸ್ಲೀಜ್ ಇಲ್ಲದ್ದರಿಂದ ಒಂಟಿ ಪಿಸ್ತೂಲು ಬೇಗ ಸಿಕ್ಕಿಬೀಳುತ್ತದೆ. ಬಹಳ ಐಕಾನ್ ಅಡಗಿದ್ದರೆ ಯಾವುದು ಸಿಗುತ್ತದೆಂದು ಅದೃಷ್ಟಕ್ಕೆ ಬಿಡಬೇಕು ಎನ್ನುತ್ತದೆ ನಿಯಮ. ಇದನ್ನೇ ಹಿಡಿದು ಕೆಲವು ಆಟಗಾರರು ಜೇಬಿನಲ್ಲಿ ಐವತ್ತು ಸೈಲೆಂಟ್ ಆರ್‌ಎಫ್‌ಐಡಿ ಟ್ಯಾಗ್ ತುಂಬಿಕೊಳ್ಳುತ್ತಾರೆ. ಅದಕ್ಕೆ ಮದ್ದು: "ಆ ಮನುಷ್ಯನ ಕೈಯಲ್ಲಿರುವ ಆಯುಧ" ಎಂದು ಡೆಕರ್ ಗುರುತು ಹೇಳಿ ಹುಡುಕಿದರೆ ಒಪ್ಪಿಕೊಳ್ಳಿ. ಕಣ್ಣಿಗೆ ಕಾಣುವ ಪಿಸ್ತೂಲನ್ನು ಹುಡುಕಲು ಐವತ್ತು ಸಲ ದಾಳ ಹಾಕಿಸುವುದು ಯಾರಿಗೂ ಬೇಡ.

ಕೊನೆಗೆ, ನಿಮ್ಮ ಮೂವರಲ್ಲಿ ಯಾರಾದರೂ ಬೇರೆ ಆವೃತ್ತಿಯಿಂದಲೋ ಬೇರೆ ಆಟದಿಂದಲೋ ಬಂದಿದ್ದರೆ ಕೇಳಿ ನೋಡಿ. 2019ರ ಆರನೇ ಆವೃತ್ತಿಯಲ್ಲಿ ಮಾರ್ಕ್‌ಗಳೇ ಇಲ್ಲ, ಅಲ್ಲಿ ಯೂಸರ್ ಮತ್ತು ಅಡ್ಮಿನ್ ಎಂಬ ಪ್ರವೇಶ ಮಟ್ಟಗಳಿವೆ. ಸೈಬರ್‌ಪಂಕ್ ರೆಡ್‌ನಲ್ಲಿ ನೆಟ್‌ರನ್ನರ್ ಪ್ರವೇಶ ಬಿಂದುವಿನ 6 ಮೀಟರ್ ಒಳಗೆ ಬರಲೇಬೇಕು, ಸಾಧನಗಳು ಒಂದು ಆರ್ಕಿಟೆಕ್ಚರ್‌ನ ಕಂಟ್ರೋಲ್ ನೋಡ್‌ಗಳಾಗಿರುತ್ತವೆ. ಅಲ್ಲಿಂದ ಬಂದವರಿಗೆ ರಸ್ತೆಯಾಚೆಯಿಂದ ಪಿಸ್ತೂಲು ಮುಟ್ಟುವುದೇ ಅಕ್ರಮವಾಗಿ ಕಾಣುತ್ತದೆ, ಐದನೇ ಆವೃತ್ತಿಯಲ್ಲಿ ಅದು ಮೊದಲ ಪಾಠ.